ಊರು ಗೊತ್ತಿಲ್ಲದೆ ಊರಿಗಾಗಿ ಪ್ರಾರ್ಥಿಸುವುದು ಹೇಗೆ?

(ಕ್ರೈಸ್ತರ ಐಕ್ಯಕ್ಕಾಗಿ ಪ್ರಾರ್ಥಿಸುವ ಜನವರಿಯ ವಾರದಲ್ಲಿ, ಮಂಗಳೂರಿನ ಬೇರೆ ಬೇರೆ ಸಭೆಗಳವರು ಕೂಡಿದ್ದ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಪ್ರಿಯರೇ,

ಬೈಬಲಿನಲ್ಲಿ ಪ್ರವಾದಿ ಯೆರೆಮೀಯನ ಪುಸ್ತಕದ 29ನೇ ಅಧ್ಯಾಯದಲ್ಲಿ ಒಂದು ಕಾಗದ ಇದೆ. ಕ್ರಿಸ್ತಪೂರ್ವ 597ರಲ್ಲಿ ಬಾಬೆಲಿನ ಅರಸ ಯೆರೂಸಲೇಮಿಗೆ ಮುತ್ತಿಗೆ ಹಾಕಿದ. ರಾಜನನ್ನು, ರಾಜಮಾತೆಯನ್ನು, ಅಧಿಕಾರಿಗಳನ್ನು, ಕಮ್ಮಾರರನ್ನು, ಕೈಕಸುಬಿನವರನ್ನು ಸೆರೆ ಒಯ್ದ. ಆ ಸೆರೆಯವರಿಗೆ ಯೆರೆಮೀಯ ಊರಿನಿಂದ ಕಾಗದ ಬರೆದ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿಸಿ ಎಂದ. ಆಮೇಲೆ ಯಾರೂ ನಿರೀಕ್ಷಿಸದ ಮಾತೊಂದನ್ನು ಸೇರಿಸಿದ: ನಿಮ್ಮನ್ನು ಒಯ್ದಿರುವ ಆ ಪಟ್ಟಣದ ಒಳ್ಳೆಯದನ್ನು ಬಯಸಿ, ಅದಕ್ಕಾಗಿ ದೇವರನ್ನು ಬೇಡಿ, ಅದು ಚೆನ್ನಾಗಿದ್ದರೆ ನೀವೂ ಚೆನ್ನಾಗಿರುತ್ತೀರಿ.

ಈ ವಚನವನ್ನು ನಾವು ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿಸುತ್ತೇವೆ. ಆದರೆ ಅದೇ ಅಧ್ಯಾಯದ ಕೊನೆಯ ಭಾಗವನ್ನು ಓದುವವರು ಕಡಿಮೆ. ಕಾಗದ ತಲುಪಿದ ಮೇಲೆ ಬಾಬೆಲಿನಿಂದ ಶೆಮಾಯ ಎಂಬವನು ಯೆರೂಸಲೇಮಿನ ಯಾಜಕನಿಗೆ ಉತ್ತರ ಬರೆದ. ಈ ಯೆರೆಮೀಯನನ್ನು ನೀವು ಯಾಕೆ ಇನ್ನೂ ಗದರಿಸಿಲ್ಲ, ಯಾಕೆ ಕೋಳಕ್ಕೆ ಹಾಕಿಲ್ಲ ಎಂದು ಕೇಳಿದ. ಶತ್ರುವಿನ ಊರಿಗಾಗಿ ಪ್ರಾರ್ಥಿಸಿ ಅಂದವನು ಅವನಿಗೆ ದ್ರೋಹಿಯಂತೆ ಕಂಡ. ಇನ್ನೊಬ್ಬ ಪ್ರವಾದಿ, ಹನನ್ಯ, ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಅದಕ್ಕೂ ಮೊದಲೇ ಹೇಳಿದ್ದ. ಎರಡು ವರ್ಷದಲ್ಲಿ ಹೊರಡುವವನು ಊರಿನ ಚರಂಡಿ ಬಗ್ಗೆ ಯಾಕೆ ತಲೆ ಕೆಡಿಸಿಕೊಳ್ಳುತ್ತಾನೆ? ಯೆರೆಮೀಯನ ಕಾಗದ ಹೇಳಿದಂತೆ ಎಪ್ಪತ್ತು ವರ್ಷ ಇರಬೇಕಾದವನಿಗೆ ಅದು ಬೇಕಾಗುತ್ತದೆ. ಅವನ ಮೊಮ್ಮಕ್ಕಳು ಅಲ್ಲೇ ಹುಟ್ಟುತ್ತಾರೆ.

ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ. ಊರಿಗಾಗಿ ಪ್ರಾರ್ಥಿಸಬೇಕಾದರೆ ಊರು ಗೊತ್ತಿರಬೇಕು. ಅದರ ಹಿಂದಿನ ಕಥೆ ಗೊತ್ತಿರಬೇಕು. ಅದನ್ನು ಯಾರು, ಹೇಗೆ ನಡೆಸುತ್ತಿದ್ದಾರೆ ಎಂಬುದು ಗೊತ್ತಿರಬೇಕು. ನಮ್ಮ ಭಾನುವಾರದ ಆರಾಧನೆಯಲ್ಲಿ ಈ ತಿಳಿವಳಿಕೆಗೆ ಜಾಗ ಬಹಳ ಕಡಿಮೆ. "ನಮ್ಮನ್ನು ಆಳುವವರಿಗೆ ಒಳ್ಳೆಯ ಬುದ್ಧಿ ಕೊಡು, ಕಾಲಕ್ಕೆ ಸರಿಯಾಗಿ ಮಳೆ ಬೆಳೆ ಕೊಡು." ಈ ಒಂದು ಸಾಲು ಮುಗಿದರೆ ಆಡಳಿತಕ್ಕಾಗಿ ಪ್ರಾರ್ಥನೆ ಮುಗಿಯಿತು. ಅದೇ ಸಾಲನ್ನು ಕಲಬುರಗಿಯಲ್ಲೂ ಹೇಳಬಹುದು, ಮುಂಬೈಯಲ್ಲೂ ಹೇಳಬಹುದು. ಮನೆಯ ಕಾಯಿಲೆಗೆ ಪ್ರಾರ್ಥಿಸುವಾಗ ನಾವು ಹೀಗೆ ಮಾಡುವುದಿಲ್ಲ. ಅತ್ತೆಯ ಮೊಣಕಾಲು, ಮಗನ ಪರೀಕ್ಷೆ, ಶಸ್ತ್ರಚಿಕಿತ್ಸೆಯ ದಿನ, ಡಾಕ್ಟರ ಹೆಸರು, ಎಲ್ಲವನ್ನೂ ದೇವರ ಮುಂದೆ ಇಡುತ್ತೇವೆ. ಊರಿನ ವಿಷಯ ಬಂದಾಗ ಮಾತ್ರ ಬಾಯಿ ಇದ್ದಕ್ಕಿದ್ದಂತೆ ಸಾಮಾನ್ಯವಾಗಿಬಿಡುತ್ತದೆ.

ಇದು ಹಳೆಯ ಸಭೆಯ ಪದ್ಧತಿ ಆಗಿರಲಿಲ್ಲ. ಅರಸರಿಗಾಗಿಯೂ ಎಲ್ಲ ಅಧಿಕಾರಿಗಳಿಗಾಗಿಯೂ ಪ್ರಾರ್ಥಿಸಬೇಕು ಎಂದು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದ 2ನೇ ಅಧ್ಯಾಯ ಹೇಳುತ್ತದೆ. ಆಗ ಇದ್ದ ಅರಸರು ರೋಮಿನವರು, ಕ್ರೈಸ್ತರನ್ನು ಮೆಚ್ಚುವವರಲ್ಲ. ಸುಮಾರು 96ನೇ ಇಸವಿಯಲ್ಲಿ ರೋಮಿನ ಸಭೆಯಿಂದ ಕೊರಿಂಥದ ಸಭೆಗೆ ಹೋದ ಒಂದು ಪತ್ರ ನಮಗೆ ಸಿಕ್ಕಿದೆ. ಕ್ಲೆಮೆಂತನ ಪತ್ರ ಎಂದು ಅದನ್ನು ಕರೆಯುತ್ತಾರೆ. ಅದರ ಕೊನೆಯಲ್ಲಿ ಒಂದು ಉದ್ದ ಪ್ರಾರ್ಥನೆ ಇದೆ. ಹಸಿದವರಿಗೆ ಊಟ ಕೊಡು, ಬಿದ್ದವರನ್ನು ಎಬ್ಬಿಸು, ನಮ್ಮ ಸೆರೆಯವರನ್ನು ಬಿಡಿಸು ಎಂದು ಬೇಡುತ್ತಾರೆ. ಅದೇ ಉಸಿರಿನಲ್ಲಿ ಆಳುವವರಿಗೆ ಆರೋಗ್ಯ, ಸಮಾಧಾನ, ಸ್ಥಿರತೆ ಕೊಡು, ಅವರ ಯೋಚನೆಗಳನ್ನು ಒಳ್ಳೆಯದರ ಕಡೆಗೆ ತಿರುಗಿಸು ಎಂದೂ ಬೇಡುತ್ತಾರೆ. ಸೆರೆಯಲ್ಲಿ ಇಟ್ಟವರ ಆರೋಗ್ಯ ಮತ್ತು ಸೆರೆಯಲ್ಲಿ ಇರುವವರ ಬಿಡುಗಡೆ, ಎರಡನ್ನೂ ಒಂದೇ ಪ್ರಾರ್ಥನೆಯಲ್ಲಿ ಕೇಳುವ ಧೈರ್ಯ ಅವರಿಗೆ ಇತ್ತು.

ಇಲ್ಲಿರುವ ಕಥೋಲಿಕ ಸಹೋದರರಿಗೆ ವಿಶ್ವಾಸಿಗಳ ಪ್ರಾರ್ಥನೆ ಗೊತ್ತಿದೆ. ಬಹಳ ಕಾಲ ಬಿಟ್ಟುಹೋಗಿದ್ದ ಅದನ್ನು ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಮತ್ತೆ ಪೂಜೆಯೊಳಗೆ ತಂದಿತು. ಧರ್ಮಸಭೆಗಾಗಿ, ಆಡಳಿತ ನಡೆಸುವವರಿಗಾಗಿ, ಕಷ್ಟದಲ್ಲಿರುವವರಿಗಾಗಿ, ಎಲ್ಲ ಮನುಷ್ಯರಿಗಾಗಿ ಎಂದು ಅದರ ಕ್ರಮ. ನಮ್ಮ ದಕ್ಷಿಣ ಭಾರತ ಸಭೆಯಲ್ಲೂ (ಸಿಎಸ್‌ಐ) ವಿಜ್ಞಾಪನೆಯ, ಅಂದರೆ ಇತರರಿಗಾಗಿ ಬೇಡುವ ಪ್ರಾರ್ಥನೆಯ, ಭಾಗ ಇದೆ. ಚೌಕಟ್ಟು ಎರಡೂ ಕಡೆ ಚೆನ್ನಾಗಿದೆ. ಒಳಗೆ ತುಂಬುವ ಕೆಲಸ ನಮ್ಮದು. ಅದನ್ನು ನಾವು ಅಚ್ಚಾದ ಪುಸ್ತಕಕ್ಕೆ ಬಿಟ್ಟುಬಿಟ್ಟಿದ್ದೇವೆ.

ಹಾಗಾದರೆ ಈ ಮಂಗಳೂರಿಗಾಗಿ ಪ್ರಾರ್ಥಿಸುವವನಿಗೆ ಏನೇನು ಗೊತ್ತಿರಬೇಕು? ನಾನು ಚರಿತ್ರೆಯಿಂದ ಶುರು ಮಾಡುತ್ತೇನೆ. ಅದೇ ಕಷ್ಟದ ಭಾಗ.

1784 ಎಂದ ಕೂಡಲೇ ನಮ್ಮ ಕೊಂಕಣಿ ಕಥೋಲಿಕ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಟಿಪ್ಪುವಿನ ಸೈನಿಕರು ಕೆನರಾದ ಕ್ರೈಸ್ತರನ್ನು ಸೆರೆಹಿಡಿದರು. ಇಗರ್ಜಿಗಳು ನೆಲಸಮ ಆದವು. ಸಾವಿರಾರು ಜನ ಘಟ್ಟ ಹತ್ತಿ ಶ್ರೀರಂಗಪಟ್ಟಣಕ್ಕೆ ನಡೆದರು. ದಾರಿಯಲ್ಲೇ ಎಷ್ಟೋ ಜನ ಸತ್ತರು. ಉಳಿದವರಿಗೆ ಬಿಡುಗಡೆ ಸಿಕ್ಕಿದ್ದು 1799ರಲ್ಲಿ, ಟಿಪ್ಪು ಬಿದ್ದ ಮೇಲೆ. ಹಿಂದೆ ಬಂದವರಿಗೆ ಇಲ್ಲಿ ಮನೆ ಇರಲಿಲ್ಲ, ಗದ್ದೆ ಇರಲಿಲ್ಲ. ಈ ನೋವು ನಿಜ. ಇದನ್ನು ಯಾರೂ ಸಣ್ಣದು ಮಾಡಬಾರದು.

1568 ಎಂದರೆ? ಆ ವರ್ಷ ನೆನಪಿರುವವರು ನಮ್ಮಲ್ಲಿ ಎಷ್ಟು ಜನ? ಬೋಳಾರದ ರೊಸಾರಿಯೊ ಇಗರ್ಜಿ ಶುರುವಾದ ವರ್ಷ ಅದು. ಮಂಗಳೂರಿನ ಕ್ರೈಸ್ತರ ಹಿರಿಯ ಇಗರ್ಜಿ. ಅದು ಇಲ್ಲಿಗೆ ಬಂದದ್ದು ಪೋರ್ಚುಗೀಸರ ಜೊತೆ. ಪೋರ್ಚುಗೀಸರು ಬಂದದ್ದು ಫಿರಂಗಿ ಹಡಗುಗಳ ಜೊತೆ. ಈ ಕರಾವಳಿಯ ಊರುಗಳನ್ನು ಅವರು ಕೊಳ್ಳೆ ಹೊಡೆದರು, ಸುಟ್ಟರು. ನೇತ್ರಾವತಿಯ ಆಚೆ ದಡದ ಉಳ್ಳಾಲದಲ್ಲಿ ರಾಣಿ ಅಬ್ಬಕ್ಕ ಅವರನ್ನು ಎದುರಿಸಿದಳು. ಅವಳ ಜೊತೆ ಹೋರಾಡಿದವರಲ್ಲಿ ಜೈನರು, ಹಿಂದೂಗಳು, ಮುಸ್ಲಿಮರು ಎಲ್ಲರೂ ಇದ್ದರು. ಆ ಹಡಗುಗಳ ಹಾಯಿಯ ಮೇಲೆ ಇದ್ದದ್ದು ನಾವು ಕೊರಳಲ್ಲಿ ಹಾಕಿಕೊಳ್ಳುವ ಶಿಲುಬೆಯೇ.

ನಮ್ಮ ಮೇಲೆ ಆದ ಅನ್ಯಾಯ ನಮಗೆ ಬಾಯಿಪಾಠ ಬರುತ್ತದೆ. ನಮ್ಮ ಹೆಸರಿನಲ್ಲಿ ಆದ ಅನ್ಯಾಯ ಕೇಳಿದರೆ ನೆನಪೇ ಇಲ್ಲ. ಪ್ರತಿ ಸಮುದಾಯವೂ ಹೀಗೇ, ಸರಿ. ಆದರೆ ಪ್ರಾರ್ಥನೆಗೆ ಕೂತವರು ಹೀಗೇ ಇದ್ದುಬಿಡಬಹುದೇ? 1784ರ ನೆನಪನ್ನು ಇವತ್ತಿನ ಬಂದರಿನ ಅಂಗಡಿಯ ಮುಸ್ಲಿಂ ಅಣ್ಣನ ಮೇಲೆ ಹೊರಿಸಲು ಬಳಸುವ ಮಾತುಗಳು ನನ್ನ ಕಿವಿಗೂ ಬಿದ್ದಿವೆ. ಅದು ಪಾಪ ಎಂದೇ ನಾನು ಹೇಳುತ್ತೇನೆ. ಸತ್ತವರನ್ನು ದೇವರ ಮುಂದೆ ನೆನೆಯೋಣ, ಅತ್ತು ನೆನೆಯೋಣ. ಜೊತೆಗೆ ಉಳ್ಳಾಲದಲ್ಲಿ ಸತ್ತವರನ್ನೂ ಅದೇ ಪ್ರಾರ್ಥನೆಯಲ್ಲಿ ನೆನೆಯೋಣ. ಆಗ ನೆನಪು ಕಹಿಯಾಗದೆ ಉಳಿಯುತ್ತದೆ.

ನನ್ನದೇ ಪರಂಪರೆಗೆ ಬರುತ್ತೇನೆ. 1834ರ ಅಕ್ಟೋಬರ್ 30ರಂದು ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಸ್ವಿಟ್ಜರ್‌ಲೆಂಡಿನ ಪ್ರೊಟೆಸ್ಟೆಂಟ್ ಸಂಸ್ಥೆಯಾದ ಬಾಸೆಲ್ ಮಿಷನಿನಿಂದ ಮಂಗಳೂರಿಗೆ ಬಂದರು. ಶಾಲೆ ಬಂತು, ಅಚ್ಚುಕೂಟ ಬಂತು, ನೇಯ್ಗೆ ಬಂತು. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಬಂತು. ಕ್ರೈಸ್ತರಾದವರಿಗೆ ಮನೆ, ಜಮೀನು, ಕೆಲಸ ಕೈತಪ್ಪುತ್ತಿತ್ತು; ಅವರಿಗೊಂದು ಅನ್ನದ ದಾರಿ ಬೇಕಿತ್ತು. ಇದನ್ನೆಲ್ಲ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಲೇಬೇಕು.

ಅದರಲ್ಲಿ ನನಗೆ ತುಂಬ ಇಷ್ಟವಾದ ವಿಷಯ ಒಂದಿದೆ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಶುರು ಮಾಡಿದರು. ಕನ್ನಡದ ಮೊದಲ ಪತ್ರಿಕೆ. ಕಲ್ಲಚ್ಚಿನಲ್ಲಿ, ಹದಿನೈದು ದಿನಕ್ಕೊಮ್ಮೆ. ಅದರಲ್ಲಿ ಏನಿರುತ್ತಿತ್ತು ನೋಡಿ: ಊರಿನ ವರ್ತಮಾನ, ಬೇರೆ ರಾಜ್ಯಗಳ ವರ್ತಮಾನ, ಸರ್ಕಾರದ ಹೊಸ ನಿಯಮಗಳು, ಬುದ್ಧಿಮಾತು, ಹಾಡು, ಕಥೆ. ಸುವಾರ್ತೆ ಸಾರಲು ಬಂದ ಮನುಷ್ಯನಿಗೆ ಸರ್ಕಾರದ ನಿಯಮ ಕೂಲಿಯವನಿಗೂ ತಿಳಿಯಬೇಕು ಅನಿಸಿತ್ತು. ಊರಿನ ಸುದ್ದಿ ದೇವರ ಕೆಲಸಕ್ಕೆ ಹೊರಗಿನದ್ದು ಎಂದು ಅವರು ಎಣಿಸಿರಲಿಲ್ಲ. ನಾವು ಇವತ್ತು ಪೇಪರನ್ನು ಮನೆಯಲ್ಲಿ ಬಿಟ್ಟು ದೇವಾಲಯಕ್ಕೆ ಬರುತ್ತೇವೆ. ವಿಜ್ಞಾಪನೆ ಮಾಡುವವರು ಆ ದಿನದ ಸ್ಥಳೀಯ ಪುಟವನ್ನು ಓದಿಕೊಂಡು ಬಂದರೆ ನಮ್ಮ ಪ್ರಾರ್ಥನೆ ಅರ್ಧ ಸರಿಹೋದೀತು.

1914ರಲ್ಲಿ ಮಹಾಯುದ್ಧ ಬಂತು. ಬಾಸೆಲ್ ಮಿಷನರಿಗಳಲ್ಲಿ ಹೆಚ್ಚಿನವರು ಜರ್ಮನರು. ಸರ್ಕಾರ ಅವರನ್ನು ಬಂಧಿಸಿ ಶಿಬಿರಗಳಲ್ಲಿ ಇಟ್ಟಿತು, ಆಮೇಲೆ ದೇಶದಿಂದ ಹೊರಗೆ ಕಳಿಸಿತು. ಕಾರ್ಖಾನೆಗಳು ಬೇರೆಯವರ ಕೈಗೆ ಹೋದವು. ಸಭೆಯ ಜನರ ಸ್ಥಿತಿ ಯೋಚಿಸಿ. ದೀಕ್ಷಾಸ್ನಾನ ಕೊಟ್ಟ ಗುರುವನ್ನು ಹಿಡಿದುಕೊಂಡು ಹೋದ ಸರ್ಕಾರವೇ ಅವರನ್ನು ಆಳುತ್ತಿತ್ತು. ಬೈಬಲಿನಲ್ಲಿ ತಿಮೊಥೆಯನಿಗೆ ಬರೆದ ಪತ್ರ ಆಗಲೂ ಇತ್ತು. ಅದನ್ನು ಓದಿ ಮೊಣಕಾಲೂರುವುದು ಅವರಿಗೆ ಸುಲಭ ಇದ್ದಿರಲಾರದು. ಊರಿನ ಸಭೆ ಊರಿನವರ ಕೈಗೇ ಬರಬೇಕು ಎಂಬ ಪಾಠವನ್ನು ಆ ವರ್ಷಗಳು ಕಲಿಸಿದವು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿದಾಗ ಸ್ವಾತಂತ್ರ್ಯಕ್ಕೆ ಆರು ವಾರ ಆಗಿತ್ತು ಅಷ್ಟೇ. ಚಕ್ರವರ್ತಿಗಾಗಿ ಪ್ರಾರ್ಥಿಸುವ ಕಾಲ ಮುಗಿದಿತ್ತು. ನಾವೇ ಆರಿಸಿದವರಿಗಾಗಿ ಪ್ರಾರ್ಥಿಸುವ ಕಾಲ ಶುರುವಾಗಿತ್ತು. ಈ ಎರಡನೆಯದು ಜಾಸ್ತಿ ಕಷ್ಟ, ಯಾಕೆಂದರೆ ಆರಿಸಿದವರ ತಪ್ಪಿನಲ್ಲಿ ನಮಗೂ ಪಾಲಿದೆ.

ಇನ್ನು ಜಾತಿ. ಬಾಸೆಲ್ ಮಿಷನ್ ಜಾತಿ ಬಿಡಬೇಕು ಎಂದು ಕಟ್ಟುನಿಟ್ಟಾಗಿ ಹೇಳಿತ್ತು. ಹೇಳಿದ್ದು ಸರಿ. ಆದರೆ ಮದುವೆ ಮಾತುಕತೆಯಲ್ಲಿ "ಅವರ ಮೂಲ ಯಾವುದು?" ಎಂದು ಮೆಲ್ಲಗೆ ಕೇಳುವವರು ನಮ್ಮಲ್ಲಿ ಇವತ್ತೂ ಇದ್ದಾರೆ. ಕಥೋಲಿಕರಲ್ಲಿ ಬಾಮ್ಣ್, ಚಾರ್ಡಿ ಎಂಬ ಮಾತು ಸತ್ತಿದೆಯೇ, ನೀವೇ ಹೇಳಿ. ಊರಿನ ಪಾಪಕ್ಕಾಗಿ ಕ್ಷಮೆ ಕೇಳುವ ಮೊದಲು ಇದನ್ನು ಹೇಳಬೇಕು.

ಅರಿಕೆ ಮಾತ್ರ ಅಲ್ಲ, ಕೃತಜ್ಞತೆಯೂ ಬೇಕು. ಅದರಲ್ಲೂ ನಮ್ಮವರಲ್ಲದವರಿಗಾಗಿ. ಕುದ್ಮುಲ್ ರಂಗರಾಯರು ವಕೀಲರು, ಸಾರಸ್ವತ ಬ್ರಾಹ್ಮಣರು. 19ನೇ ಶತಮಾನದ ಕೊನೆಯಲ್ಲಿ ದಲಿತರ ಮಕ್ಕಳಿಗೆ ಈ ಊರಿನಲ್ಲಿ ಶಾಲೆ ತೆರೆದರು. ಸ್ವಂತ ಜಾತಿಯವರು ಬಹಿಷ್ಕಾರ ಹಾಕಿದರೂ ಬಿಡಲಿಲ್ಲ. ಅಮ್ಮೆಂಬಳ ಸುಬ್ಬರಾವ್ ಪೈಗಳು 1906ರಲ್ಲಿ ಇಲ್ಲಿ ಬ್ಯಾಂಕು ಕಟ್ಟಿದರು, ಅದಕ್ಕೂ ಮೊದಲು ಹೆಣ್ಣುಮಕ್ಕಳ ಶಾಲೆ ಕಟ್ಟಿದರು. ಕಾರ್ನಾಡ್ ಸದಾಶಿವರಾಯರು ಸ್ವಾತಂತ್ರ್ಯ ಹೋರಾಟಕ್ಕೆ ಆಸ್ತಿಯೆಲ್ಲ ಕೊಟ್ಟು ಬಡವರಾಗಿ ತೀರಿಕೊಂಡರು. ಇಲ್ಲಿ ಆಸ್ಪತ್ರೆ ಕಟ್ಟಿದ ಫಾದರ್ ಮುಲ್ಲರ್ ಅವರನ್ನು ನೆನೆಸುವ ದಿನ ಇವರನ್ನೂ ನೆನೆಸಿದರೆ ದೇವರಿಗೆ ಬೇಸರ ಆಗುವುದಿಲ್ಲ.

ಚರಿತ್ರೆಯನ್ನು ಪ್ರಾರ್ಥನೆಯೊಳಗೆ ತರುವುದು ಹೇಗೆ ಎಂದು ಕಲಿಯಲು ನನಗೆ ಸಿಕ್ಕ ಒಳ್ಳೆಯ ಗುರು ನೆಹೆಮೀಯ. ಅವನು ಶೂಷನ್ ಕೋಟೆಯಲ್ಲಿ ಅರ್ತಷಸ್ತ ರಾಜನ ಪಾನಸೇವಕ. ಯೆರೂಸಲೇಮಿನ ಗೋಡೆ ಬಿದ್ದಿದೆ, ಬಾಗಿಲು ಸುಟ್ಟಿವೆ ಎಂಬ ಸುದ್ದಿ ಬರುತ್ತದೆ. ಪಟ್ಟಣ ಬಿದ್ದು ಆಗಲೇ ಸುಮಾರು 140 ವರ್ಷ. ಅವನು ಹುಟ್ಟಿಯೇ ಇರಲಿಲ್ಲ. ಆದರೂ "ನಾನೂ ನನ್ನ ತಂದೆಯ ಮನೆಯವರೂ ಪಾಪ ಮಾಡಿದ್ದೇವೆ" ಎಂದು ಅರಿಕೆ ಮಾಡುತ್ತಾನೆ. ನಾನು ಮಾಡಿಲ್ಲವಲ್ಲ ಎಂದು ಜಾರಿಕೊಳ್ಳುವುದಿಲ್ಲ.

ಕಿಸ್ಲೇವ್ ತಿಂಗಳಲ್ಲಿ ಪ್ರಾರ್ಥನೆ ಶುರು ಮಾಡಿದವನು ರಾಜನ ಮುಂದೆ ಬಾಯಿ ಬಿಟ್ಟದ್ದು ನೀಸಾನ್ ತಿಂಗಳಲ್ಲಿ. ಹೆಚ್ಚು ಕಡಿಮೆ ನಾಲ್ಕು ತಿಂಗಳು. ಆ ನಾಲ್ಕು ತಿಂಗಳು ಅವನು ಲೆಕ್ಕವನ್ನೂ ಹಾಕಿರಬೇಕು. ಯಾಕೆಂದರೆ ರಾಜ "ನಿನಗೇನು ಬೇಕು?" ಎಂದಾಗ ಮನಸ್ಸಿನಲ್ಲೇ ಒಂದು ಪ್ರಾರ್ಥನೆ ಮಾಡಿ, ಕೂಡಲೇ ಪಟ್ಟಿ ಹೇಳುತ್ತಾನೆ. ಎಷ್ಟು ಕಾಲ ಬೇಕು, ಹೊಳೆಯಾಚೆಯ ಅಧಿಪತಿಗಳಿಗೆ ಯಾವ ಪತ್ರ ಬೇಕು, ಮರಕ್ಕಾಗಿ ರಾಜವನದ ಅಧಿಕಾರಿ ಆಸಾಫನಿಗೆ ಯಾವ ಪತ್ರ ಬೇಕು. ಕಚೇರಿಯ ದಾರಿ ತಿಳಿದವನ ಪ್ರಾರ್ಥನೆ ಅದು. ಊರಿಗೆ ಬಂದ ಮೇಲೆ ಭಾಷಣ ಮಾಡಲಿಲ್ಲ. ರಾತ್ರಿ ಸವಾರಿಯ ಪ್ರಾಣಿಯ ಮೇಲೆ ಕೂತು ಗೋಡೆಯ ಪಕ್ಕ ಹೋಗಿ ಎಲ್ಲೆಲ್ಲಿ ಕುಸಿದಿದೆ ಎಂದು ನೋಡಿದ.

3ನೇ ಅಧ್ಯಾಯವನ್ನು ನಾವು ಹೆಸರುಗಳ ಪಟ್ಟಿ ಎಂದು ಹಾರಿಸಿ ಓದುತ್ತೇವೆ. ದಯವಿಟ್ಟು ಹಾರಿಸಬೇಡಿ. ಅಕ್ಕಸಾಲಿಗರು, ಸುಗಂಧ ಮಾಡುವವರು, ಶಲ್ಲೂಮ ಮತ್ತು ಅವನ ಹೆಣ್ಣುಮಕ್ಕಳು ಗೋಡೆ ಕಟ್ಟಿದರು. ಹಲವರು ತಮ್ಮ ತಮ್ಮ ಮನೆಯ ಎದುರಿನ ಭಾಗವನ್ನು ಕಟ್ಟಿದರು. ತೆಕೋವದ ದೊಡ್ಡವರು ಮಾತ್ರ ಕೆಲಸಕ್ಕೆ ಹೆಗಲು ಕೊಡಲಿಲ್ಲ ಎಂದೂ ಬರೆದಿಟ್ಟಿದ್ದಾರೆ. 5ನೇ ಅಧ್ಯಾಯಕ್ಕೆ ಬಂದರೆ ಗೋಡೆಯ ಒಳಗೇ ಹುಳುಕು. ಉಳ್ಳವರು ತಮ್ಮದೇ ಜನರ ಹೊಲ ಒತ್ತೆ ಹಿಡಿದು, ಬಡ್ಡಿ ತಿಂದು, ಮಕ್ಕಳನ್ನು ದಾಸರನ್ನಾಗಿ ಮಾಡಿಕೊಂಡಿದ್ದಾರೆ. ನೆಹೆಮೀಯ ಸಿಟ್ಟಾಗುತ್ತಾನೆ, ಹೊಲ ಹಿಂದೆ ಕೊಡಿಸುತ್ತಾನೆ. ಅಧಿಪತಿಯಾಗಿದ್ದ 12 ವರ್ಷ ತನಗೆ ಸಲ್ಲಬೇಕಾದ ಊಟದ ಭತ್ಯೆಯನ್ನೂ ತೆಗೆದುಕೊಳ್ಳಲಿಲ್ಲ. ಪ್ರಾರ್ಥನೆ, ಚರಿತ್ರೆ, ಆಡಳಿತ ಮೂರೂ ಒಂದೇ ಮನುಷ್ಯನಲ್ಲಿ ಹೀಗೆ ಸೇರಿಕೊಂಡದ್ದು ಬೈಬಲಿನಲ್ಲಿ ಅಪರೂಪ.

ಊರು ಸುತ್ತುವ ಮಾತು ಬಂತು. ಅದರ ಬಗ್ಗೆ ಒಂದು ವಿಷಯ ನೇರವಾಗಿ ಹೇಳಬೇಕಾಗಿದೆ. 1990ರ ದಶಕದಲ್ಲಿ ಅಮೆರಿಕದಿಂದ ಒಂದು ಪದ್ಧತಿ ಹರಡಿತು. ಊರಿನ ಆತ್ಮಿಕ ನಕ್ಷೆ ಮಾಡಬೇಕು, ಎಲ್ಲೆಲ್ಲಿ ಯಾವ ದುರಾತ್ಮ ಕೂತಿದೆ ಎಂದು ಗುರುತಿಸಬೇಕು, ಅಲ್ಲಿಗೆ ಹೋಗಿ ನಿಂತು ಅದನ್ನು ಕಟ್ಟಿಹಾಕಬೇಕು ಎನ್ನುತ್ತದೆ ಅದು. ನಮ್ಮಲ್ಲೂ ಕೆಲವರು ಇದನ್ನು ಹಿಡಿದುಕೊಂಡರು. ಚರಿತ್ರೆ ಓದುತ್ತಾರೆ, ಆದರೆ ನೆರೆಯವರ ಗುಡಿ, ದೈವಸ್ಥಾನ, ದರ್ಗಾಗಳ ಪಟ್ಟಿ ಮಾಡಲಿಕ್ಕೆ. ನಾನು ಇದನ್ನು ಒಪ್ಪುವುದಿಲ್ಲ. ಬಾಬೆಲಿನಲ್ಲಿ ದೇವತೆಗಳ ಗುಡಿಗಳಿಗೆ ಬರಗಾಲ ಇರಲಿಲ್ಲ. ಯೆರೆಮೀಯನ ಕಾಗದದಲ್ಲಿ ಅವುಗಳ ಮುಂದೆ ಹೋಗಿ ನಿಲ್ಲಿ ಎಂದಿಲ್ಲ. ತೋಟ ಮಾಡಿ ಎಂದಿದೆ. ನೆರೆಯವನ ಅಂಗಳವನ್ನು ಶತ್ರುವಿನ ಠಾಣೆ ಎಂದು ನೋಡುವ ಕಣ್ಣಿಗೆ ಆ ನೆರೆಯವನ ಕ್ಷೇಮವನ್ನು ಮನಸಾರೆ ಬೇಡಲು ಆಗುತ್ತದೆಯೇ?

ನಡೆದು ಪ್ರಾರ್ಥಿಸುವ ಬೇರೆ ಹಳೆಯ ದಾರಿ ಇದೆ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಯೇಸುವಿನ ಸ್ವರ್ಗಾರೋಹಣದ ಹಬ್ಬಕ್ಕೆ ಮುಂಚಿನ ದಿನಗಳಲ್ಲಿ ಪಾದ್ರಿಯೂ ಜನರೂ ಸೇರಿ ಊರಿನ ಗಡಿಯ ಉದ್ದಕ್ಕೂ ನಡೆಯುತ್ತಿದ್ದರು. ಬೆಳೆಯನ್ನು ಆಶೀರ್ವದಿಸುತ್ತಿದ್ದರು. ಗಡಿಕಲ್ಲು ಎಲ್ಲಿದೆ ಎಂದು ಮಕ್ಕಳಿಗೆ ತೋರಿಸುತ್ತಿದ್ದರು, ಮುಂದೆ ಯಾರೂ ಜಮೀನು ಒತ್ತಬಾರದು ಎಂದು. 17ನೇ ಶತಮಾನದ ಕವಿ, ಪಾದ್ರಿ ಜಾರ್ಜ್ ಹರ್ಬರ್ಟ್ ಈ ನಡಿಗೆಯನ್ನು ಬಹಳ ಮೆಚ್ಚಿದ್ದ. ಹೊಲಕ್ಕೆ ಆಶೀರ್ವಾದ, ಗಡಿಗೆ ನ್ಯಾಯ, ಜಗಳ ಆಡಿದವರು ಜೊತೆಗೆ ನಡೆದು ರಾಜಿ ಆಗುವುದು, ಬಡವರಿಗೆ ದಾನ ಎಂದು ಅದರ ನಾಲ್ಕು ಲಾಭ ಹೇಳಿದ್ದ.

ನಮ್ಮ ಊರಿನ ಕಥೋಲಿಕರಲ್ಲಿ ಮೊಂತಿ ಫೆಸ್ತ್ ಎಂಬ ಹಬ್ಬ ಇದೆ. ಸೆಪ್ಟೆಂಬರ್ 8. ಮಕ್ಕಳು ಹೂ ತರುತ್ತಾರೆ, ಗುರುಗಳು ಭತ್ತದ ತೆನೆ ಆಶೀರ್ವದಿಸುತ್ತಾರೆ, ಮನೆಮನೆಗೆ ತೆನೆ ಹೋಗುತ್ತದೆ, ಹೊಸ ಅಕ್ಕಿಯ ಊಟ, ಮೀನು ಮಾಂಸ ಇಲ್ಲ. ಮಾತೆ ಮರಿಯಳ ಹುಟ್ಟುಹಬ್ಬ ಈ ನೆಲದ ಹೊಸ ಬೆಳೆಯ ಹಬ್ಬದ ಜೊತೆ ಬೆರೆತುಹೋಗಿದೆ. ನಾವು ಪ್ರೊಟೆಸ್ಟೆಂಟರು ಇದನ್ನು ನೋಡಿ ಕಲಿಯಬೇಕಾದದ್ದು ಬಹಳ ಇದೆ. ಒಂದೇ ಚಿಂತೆ. ತೆನೆ ಕೊಟ್ಟ ಗದ್ದೆಗಳು ಕಡಿಮೆಯಾಗುತ್ತಿವೆ. ಸೈಟುಗಳಾದವು, ರಸ್ತೆಗಳಾದವು, ಬೇಸಾಯವಿಲ್ಲದೆ ಹಡಿಲು ಬಿದ್ದವು. ತೆನೆಯನ್ನು ಆಶೀರ್ವದಿಸುವ ಸಭೆ ಗದ್ದೆಗಾಗಿ ಪ್ರಾರ್ಥಿಸಬೇಡವೇ? ಗದ್ದೆಗಾಗಿ ಪ್ರಾರ್ಥಿಸಿದರೆ ಭೂಪರಿವರ್ತನೆಯ ಕಡತ ಎಲ್ಲಿ ತೀರ್ಮಾನ ಆಗುತ್ತದೆ ಎಂದು ತಿಳಿಯಬೇಡವೇ?

ಹೀಗೆ ಆಡಳಿತಕ್ಕೆ ಬಂದೆವು. ಈ ಊರಿಗೆ 1866ರಲ್ಲಿ ಪುರಸಭೆ ಬಂತು, 1980ರಲ್ಲಿ ಅದು ಮಹಾನಗರಪಾಲಿಕೆ ಆಯಿತು. ಈಗ 60 ವಾರ್ಡು. ನಿಮ್ಮ ಮನೆ ಯಾವ ವಾರ್ಡಿನಲ್ಲಿದೆ ಎಂದು ಕೇಳಿದಾಗ ಈ ಹಾಲಿನಲ್ಲಿ ಎದ್ದ ಕೈಗಳು ಬಹಳ ಕಡಿಮೆ. ದೆಹಲಿಯ ಮಂತ್ರಿಗಳ ಹೆಸರು ನಮಗೆ ಗೊತ್ತು, ನಲ್ಲಿಯಲ್ಲಿ ನೀರು ಬಿಡುವವನ ಹೆಸರು ಗೊತ್ತಿಲ್ಲ. ನೀರು ಬರುವುದು ತುಂಬೆಯಲ್ಲಿ ನೇತ್ರಾವತಿಗೆ ಕಟ್ಟಿದ ಅಣೆಕಟ್ಟಿನಿಂದ. ಮಳೆ ತಡವಾದ ಬೇಸಿಗೆಯಲ್ಲಿ ದಿನ ಬಿಟ್ಟು ದಿನ ನೀರು ಬಿಟ್ಟದ್ದು ನೆನಪಿದೆಯಲ್ವಾ? ನಮ್ಮ ಕಸ ಹೋಗುವುದು ಪಚ್ಚನಾಡಿಗೆ. 2019ರ ಆಗಸ್ಟ್ ಮಳೆಗೆ ಆ ಕಸದ ರಾಶಿ ಜರಿದು ಕೆಳಗಿನ ಮಂದಾರದ ಮನೆ, ತೋಟಗಳ ಮೇಲೆ ಬಂತು. ಜನ ಮನೆ ಬಿಟ್ಟು ಹೋದರು. ಅಡಿಕೆ, ತೆಂಗು ಕಸದಡಿ ಹೂತುಹೋಯಿತು. ಅದು ನಮ್ಮ ನಿಮ್ಮ ಅಡುಗೆಮನೆಯಿಂದ ಹೋದ ಕಸ. ಆ ವಾರಗಳಲ್ಲಿ ನಮ್ಮ ವಿಜ್ಞಾಪನೆಗಳಲ್ಲಿ ಮಂದಾರದ ಹೆಸರು ಬರಬೇಕಿತ್ತು. ಎಷ್ಟು ದೇವಾಲಯಗಳಲ್ಲಿ ಬಂತು?

ಆಳುವವರು ಎಂದಾಗ ನಮಗೆ ಮಂತ್ರಿ ಕಾಣುತ್ತಾನೆ. ಆಡಳಿತ ಅಂದರೆ ಬೆಳಿಗ್ಗೆ ಗುಡಿಸುವ ಪೌರಕಾರ್ಮಿಕ ಕೂಡ. ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ, ಪಂಚಾಯತಿನ ಪಿಡಿಒ, ಠಾಣೆಯ ರಾತ್ರಿ ಪಾಳಿಯ ಪೇದೆ ಕೂಡ. ಇವರಿಗಾಗಿ ಹೆಸರು ಹಿಡಿದು ಬೇಡುವ ಸಭೆ ಇವರ ಸಂಬಳ ತಡವಾದಾಗ ಸುಮ್ನೆ ಇರಲಾರದು.

ಆಳುವವರಿಗಾಗಿ ಬೇಡುವುದು ಅಂದರೆ ಅವರು ಮಾಡಿದ್ದಕ್ಕೆಲ್ಲ ಆಮೆನ್ ಹೇಳುವುದೇ? 72ನೇ ಕೀರ್ತನೆ ಓದಿ. ಅರಸನಿಗಾಗಿ ಇರುವ ಪ್ರಾರ್ಥನೆ. ಅದು ಅರಸನನ್ನು ಅಳೆಯುವುದು ಒಂದೇ ಅಳತೆಯಿಂದ: ದಿಕ್ಕಿಲ್ಲದವನ ಕೂಗು ಅವನಿಗೆ ಕೇಳಿಸುತ್ತದೆಯೇ? ದಕ್ಷಿಣ ಆಫ್ರಿಕದಲ್ಲಿ 1985ರ ಜೂನ್ 16ರಂದು, ಸೊವೆಟೊದಲ್ಲಿ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿದ ದಿನದ ನೆನಪಿನಂದು, ಅಲ್ಲಿನ ಸಭೆಗಳ ಪರಿಷತ್ತು ಅನ್ಯಾಯದ ಆಡಳಿತ ಕೊನೆಯಾಗಲಿ ಎಂದು ಪ್ರಾರ್ಥಿಸಲು ಕರೆ ಕೊಟ್ಟಿತು. ಸಭೆಗಳ ಒಳಗೇ ದೊಡ್ಡ ವಿವಾದ ಆಯಿತು. ಸರ್ಕಾರದ ವಿರುದ್ಧ ಪ್ರಾರ್ಥಿಸಬಹುದೇ ಎಂದು ಕೇಳಿದರು. ನನ್ನ ಉತ್ತರ ಹೌದು. ಅನ್ಯಾಯ ಮಾಡುವವನ ಕೈಯಿಂದ ಅನ್ಯಾಯ ತಪ್ಪಿಸು ಎಂದು ಬೇಡುವುದು ಅವನ ಒಳಿತಿಗಾಗಿಯೂ ಬೇಡಿದಂತೆ.

ನಮಗೂ ಆ ದಿನ ಬಂದಿತ್ತು. 2008ರ ಸೆಪ್ಟೆಂಬರ್ 14, ಭಾನುವಾರ. ಮಿಲಾಗ್ರಿಸ್ ಇಗರ್ಜಿ ಬಳಿಯ ಕಥೋಲಿಕ ಸನ್ಯಾಸಿನಿಯರ ಆರಾಧನಾ ಮಠದ ಮೇಲೆ, ಜಿಲ್ಲೆಯ ಹಲವು ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ಆಯಿತು. ಅಂಥ ದಿನ "ಒಳ್ಳೆಯ ಬುದ್ಧಿ ಕೊಡು" ಎಂಬ ಸಾಲು ಸಾಕಾಗುವುದಿಲ್ಲ. ಕರ್ತನೇ, ಯಾಕೆ ದೂರ ನಿಂತಿದ್ದೀ ಎಂದು ಕೇಳುವ 10ನೇ ಕೀರ್ತನೆ ಬೇಕಾಗುತ್ತದೆ. ಅಂಥ ಪ್ರಾರ್ಥನೆಯನ್ನು ನಾವು ಮಕ್ಕಳಿಗೆ ಕಲಿಸಿಲ್ಲ. ಅಳುವುದು ಅಪನಂಬಿಕೆ ಎಂದು ತಿಳಿದುಕೊಂಡಿದ್ದೇವೆ. ಇನ್ನೊಂದು ಮಾತನ್ನೂ ಹೇಳಬೇಕು. ಬೇರೆ ಸಮುದಾಯದವರ ಮೇಲೆ ಏಟು ಬಿದ್ದ ದಿನವೂ ಅದೇ ಕೀರ್ತನೆಯನ್ನು ಅಷ್ಟೇ ಗಟ್ಟಿಯಾಗಿ ಓದುವ ಸಭೆಗೆ ಮಾತ್ರ ಅದನ್ನು ತನಗಾಗಿ ಓದುವ ಹಕ್ಕಿದೆ.

ಉಪನ್ಯಾಸದ ನಂತರ ಒಬ್ಬ ಹಿರಿಯರು ಕೇಳಿದರು: "ನಾನು ಓಟು ಹಾಕದ, ನನಗೆ ಸ್ವಲ್ಪವೂ ಇಷ್ಟವಿಲ್ಲದ ಮನುಷ್ಯನಿಗಾಗಿ ಹೆಸರು ಹಿಡಿದು ಹೇಗೆ ಪ್ರಾರ್ಥಿಸಲಿ?" ನಾನು ಹೇಳಿದೆ: ಹೆಸರು ಹಿಡಿದೇ ಪ್ರಾರ್ಥಿಸಿ ಅಂಕಲ್. ಹೆಸರು ಹೇಳಿದರೆ ಅವರು ಒಬ್ಬ ಮನುಷ್ಯ ಎಂಬುದು ನೆನಪಾಗುತ್ತದೆ. ಅವರ ಮುಂದಿರುವ ಒಂದು ನಿರ್ದಿಷ್ಟ ಕೆಲಸವನ್ನು ಜೊತೆಗೆ ಹೇಳಿ, ನೀರಿನದ್ದೋ ಕಸದ್ದೋ ಶಾಲೆಯದ್ದೋ. ಚುನಾಯಿತ ಸದಸ್ಯರು ಇಲ್ಲದ ಕಾಲದಲ್ಲಿ ಆಡಳಿತಾಧಿಕಾರಿಯ ಹೆಸರು ಹೇಳಿ. ಆದರೆ ಪಕ್ಷದ ಹೆಸರು ಪೀಠದ ಮುಂದೆ ಬೇಡ. ಕ್ರಿಸ್ಮಸ್ ಕಾರ್ಯಕ್ರಮದ ವೇದಿಕೆಗೆ ಅವರನ್ನು ಕರೆದು, ಶಾಲು ಹೊದಿಸಿ, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಫೋಟೋ ತೆಗೆಸುವುದೂ ಬೇಡ. ಅದರಿಂದ ಅವರಿಗೂ ಒಳ್ಳೆಯದಾಗುವುದಿಲ್ಲ, ನಮಗೂ ಇಲ್ಲ.

ಬಂಟ್ವಾಳದ ಕಡೆಯಿಂದ ಬಂದಿದ್ದ ಒಬ್ಬ ತಂಗಿ ಕೇಳಿದಳು: "ಇಷ್ಟೆಲ್ಲ ತಿಳಿದುಕೊಂಡ ಮೇಲೆ ಪ್ರಾರ್ಥನೆ ಮಾತ್ರ ಮಾಡಿ ಕೂರಬೇಕಾ, ಗ್ರಾಮಸಭೆಗೂ ಹೋಗಬೇಕಾ?" ಹೋಗಬೇಕು. ಕರ್ನಾಟಕದಲ್ಲಿ 1993ರ ಪಂಚಾಯತ್ ರಾಜ್ ಕಾನೂನಿನ ಪ್ರಕಾರ ಗ್ರಾಮಸಭೆ ನಡೆಯಲೇಬೇಕು, ಕನಿಷ್ಠ ಆರು ತಿಂಗಳಿಗೊಮ್ಮೆ. ಯಾರಿಗೆ ಮನೆ, ಯಾವ ರಸ್ತೆಗೆ ದುಡ್ಡು ಎಂಬ ಮಾತು ಅಲ್ಲೇ ಆಗುತ್ತದೆ. ಮತದಾರರ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಅದರ ಸದಸ್ಯರು. ಅದರ ನೋಟಿಸನ್ನು ಭಾನುವಾರದ ಪ್ರಕಟಣೆಗಳಲ್ಲಿ ಮದುವೆ ಕರೆಯೋಲೆಯ ಜೊತೆ ಓದಿಸಿ. ಅದೇ ಆರಾಧನೆಯಲ್ಲಿ ಅದಕ್ಕಾಗಿ ಪ್ರಾರ್ಥಿಸಿ. ಸಭೆಯಿಂದ ನಾಲ್ಕು ಜನ ಹೋಗಿ, ಅವರಲ್ಲಿ ಇಬ್ಬರಾದರೂ ಹೆಂಗಸರಿರಲಿ. ಮಾತಾಡಲು ಆಗದಿದ್ದರೆ ಕೇಳಿಸಿಕೊಂಡು ಬನ್ನಿ. ಮುಂದಿನ ಭಾನುವಾರ ವಿಜ್ಞಾಪನೆಗೆ ಮೊದಲು ಎರಡು ನಿಮಿಷ ತೆಗೆದುಕೊಂಡು ಅಲ್ಲಿ ಏನಾಯಿತು ಎಂದು ಸಭೆಗೆ ಹೇಳಿ, ಆಮೇಲೆ ಪ್ರಾರ್ಥಿಸಿ.